ಸಿನಿಮಾ ಸಂಗೀತದ ಬೆನ್ನು ಹತ್ತಿ ಯುರೋಪಿಗೆ ಹೊರಟವರಿಗೆ

ಮನರಂಜನಾ ಪುಟಕ್ಕೆ ಬರೆಯುವವನಾದ್ದರಿಂದ ನನಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ: ‘ಸಿನಿಮಾ ಸಂಗೀತದ ಹುಚ್ಚಿದೆ, ಯುರೋಪಿಗೆ ಹೊರಟಿದ್ದೇನೆ, ಏನೇನು ನೋಡಲಿ?’ ಕೇಳುವವರ ಪಟ್ಟಿಯಲ್ಲಿ ಮೊದಲಿರುವುದು ಸಂಗೀತ ರೆಕಾರ್ಡ್ ಮಾಡುವ ಲಂಡನ್ನಿನ ಅಬಿ ರೋಡ್ ಸ್ಟುಡಿಯೊ. ಹೋಗಿ, ಬೇಡ ಅನ್ನುವುದಿಲ್ಲ. 1931ರಲ್ಲಿ ಇಂಗ್ಲಿಷ್ ಸಂಗೀತ ರಚನಕಾರ ಎಲ್ಗರ್ ಖುದ್ದಾಗಿ ವಾದ್ಯವೃಂದ ನಡೆಸಿ ಶುರುಮಾಡಿಕೊಟ್ಟ ಜಾಗ ಅದು. ಆದರೆ ಮಾಮೂಲಿ ದಿನಗಳಲ್ಲಿ ಒಳಗೆ ಬಿಡುವುದಿಲ್ಲ. ಎದುರಿನ, ಬೀಟಲ್ಸ್ ಆಲ್ಬಮ್ಮಿನ ಮುಖಪುಟದಲ್ಲಿರುವ ಜೀಬ್ರಾ ಕ್ರಾಸಿಂಗ್ ಮೇಲೆ ಫೋಟೊ ತೆಗೆಸಿಕೊಂಡು, ಕಾದು ನಿಂತ ಕಾರಿನವರ ಹಾರ್ನ್ ಕೇಳಿ ವಾಪಸಾಗಬೇಕು. ಅರ್ಧ ಗಂಟೆ ಧಾರಾಳ ಸಾಕು.

ಆ ಊರಲ್ಲಿ ಒಂದು ಸಂಜೆಯನ್ನು ರಾಯಲ್ ಆಲ್ಬರ್ಟ್ ಹಾಲ್‌ಗೆ ಎತ್ತಿಡಿ. ಅಲ್ಲಿ ಇಡೀ ಸಿನಿಮಾವನ್ನು ತೆರೆಯ ಮೇಲೆ ಓಡಿಸುತ್ತಾರೆ. ಮಾತು, ಸದ್ದು ಹಾಗೇ ಇರುತ್ತವೆ, ಸಂಗೀತವನ್ನು ಮಾತ್ರ ಕೆಳಗೆ ಕೂತ ವಾದ್ಯವೃಂದ ನುಡಿಸುತ್ತದೆ. ಇಂಥ ಕಾರ್ಯಕ್ರಮದ ದಿನಾಂಕ ನೋಡಿಕೊಂಡು ಮೊದಲು ಇದರ ಟಿಕೆಟ್, ಆಮೇಲೆ ವಿಮಾನದ್ದು.

ಸೀಟು ಆರಿಸುವಾಗ ಎಚ್ಚರ. ಕೆಳಗಿನ ಅರೀನಾದ ನೆಲ ಸಮತಟ್ಟು. ಅಲ್ಲಿ ಮುಂದೆ ಕೂತರೆ ಪಿಟೀಲಿನವರ ಮೊದಲ ಸಾಲು ಕಂಡೀತು, ಅದರ ಹಿಂದಿನವರು ಕಾಣುವುದಿಲ್ಲ. ಬದಿಯ ಎತ್ತರದ ಸಾಲು ತೆಗೆದುಕೊಳ್ಳಿ. ತೆರೆ ಒಂದಿಷ್ಟು ಓರೆಯಾಗಿ ಕಂಡರೂ ಚಿಂತೆಯಿಲ್ಲ, ಸಿನಿಮಾ ನೀವು ನೋಡಿಯೇ ಇರುತ್ತೀರಿ. ಒಂದು ಸಣ್ಣ ಬೈನಾಕ್ಯುಲರ್ ಜೇಬಿನಲ್ಲಿರಲಿ. ಹೊರಡುವ ಮುಂಚೆ ಅದೇ ಚಿತ್ರವನ್ನು ಇನ್ನೊಮ್ಮೆ ನೋಡಿ, ಸಂಗೀತ ಎಲ್ಲಿ ಶುರುವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಗುರುತು ಹಾಕಿಕೊಳ್ಳಿ.

ಏಕೆಂದರೆ ನೋಡಬೇಕಾದ್ದು ಆ ನಿಂತ ಹೊತ್ತಿನಲ್ಲೇ ಇದೆ. ತೆರೆಯ ಮೇಲೆ ಬರೀ ಮಾತು ನಡೆದಿರುವಾಗ ಹಾರ್ಪ್‌ನವರು ಕಾಲಿನಿಂದ ಪೆಡಲ್ ಬದಲಿಸುತ್ತಾರೆ. ಹಿತ್ತಾಳೆ ವಾದ್ಯದವರು ಕೊಳವೆಯೊಳಗಿನ ನೀರು ಚೆಲ್ಲುತ್ತಾರೆ. ಟಿಂಪನಿ ಎಂಬ ದೊಡ್ಡ ನಗಾರಿಯವರು ಚರ್ಮದ ಹತ್ತಿರ ಕಿವಿ ತಂದು, ಬೆರಳಲ್ಲಿ ಮೆಲ್ಲಗೆ ತಟ್ಟಿ, ಮುಂದಿನ ಹೊಡೆತಕ್ಕೆ ಶ್ರುತಿ ಮಾಡಿಟ್ಟುಕೊಳ್ಳುತ್ತಾರೆ. ಕೋಲು ಹಿಡಿದು ವಾದ್ಯವೃಂದ ನಡೆಸುವ ಕಂಡಕ್ಟರ್ ಮುಂದೆ ಒಂದು ಪುಟ್ಟ ಪರದೆ ಇರುತ್ತದೆ. ಬೈನಾಕ್ಯುಲರ್ ಅದರತ್ತ ತಿರುಗಿಸಿ. ಬಣ್ಣದ ಉದ್ದ ಗೆರೆಯೊಂದು ಚಿತ್ರದ ಮೇಲೆ ಅಡ್ಡಡ್ಡ ಹಾದುಹೋಗುತ್ತದೆ. ಅದು ಅಂಚು ಮುಟ್ಟಿದೊಡನೆ ಬಿಳಿ ಚುಕ್ಕೆಯೊಂದು ಫಳ್ಳೆನ್ನುತ್ತದೆ, ಸರಿಯಾಗಿ ಆಗಲೇ ಕೋಲು ಕೆಳಗಿಳಿಯುತ್ತದೆ. ಹಾಲಿವುಡ್ಡಿನಲ್ಲಿ ಸಂಗೀತ ನಿರ್ದೇಶಕ ಆಲ್ಫ್ರೆಡ್ ನ್ಯೂಮನ್ ರೂಢಿಗೆ ತಂದ ಪದ್ಧತಿ ಇದು. ಆ ಕಾಲದಲ್ಲಿ ಫಿಲ್ಮನ್ನೇ ಗೀರಿ, ತೂತು ಕೊರೆದು ಈ ಗುರುತು ಮಾಡುತ್ತಿದ್ದರು. ಕೊನೆಯ ಹೆಸರುಪಟ್ಟಿ ಓಡುವಾಗ ಎದ್ದು ಹೊರಡಬೇಡಿ, ವಾದ್ಯವೃಂದಕ್ಕೆ ಮೈಚಳಿ ಬಿಟ್ಟು ನುಡಿಸಲು ಸಿಗುವುದು ಅಲ್ಲೇ.

ಎರಡನೇ ಊರು ವಿಯೆನ್ನಾ. 1933ರ ‘ಕಿಂಗ್ ಕಾಂಗ್’ಗೆ ಸಂಗೀತ ಕೊಟ್ಟ ಮ್ಯಾಕ್ಸ್ ಸ್ಟೈನರ್ ಹುಟ್ಟಿದ್ದು ಅಲ್ಲಿ. ಆದರೆ ನಾನು ಕಳಿಸುವುದು ವಿಯೆನ್ನಾದಲ್ಲೇ ನಡೆಯುವ ಕಥೆಯ, 1949ರ ‘ದಿ ಥರ್ಡ್ ಮ್ಯಾನ್’ ಚಿತ್ರಕ್ಕಾಗಿ. ಇಡೀ ಚಿತ್ರಕ್ಕೆ ಆಂಟನ್ ಕರಾಸ್ ನುಡಿಸಿದ, ಬೆರಳಲ್ಲಿ ಮೀಟುವ ಜಿತರ್ ಎಂಬ ತಂತಿವಾದ್ಯ ಒಂದೇ. ಬುರ್ಗ್ ಕಿನೊ ಎಂಬ ಹಳೆಯ ಟಾಕೀಸಿನಲ್ಲಿ ಅದನ್ನು ಇಂದಿಗೂ ಮತ್ತೆ ಮತ್ತೆ ಹಾಕುತ್ತಾರೆ. ಹೆಸರುಗಳು ಬರುವಾಗ ತೆರೆಯ ತುಂಬ ತಂತಿಗಳಷ್ಟೇ. ನುಡಿಸುವ ಕೈ ಕಾಣುವುದಿಲ್ಲ, ತಂತಿ ಅದುರುವುದು ಮಾತ್ರ ಕಾಣುತ್ತದೆ. ಮಾರನೇ ಬೆಳಿಗ್ಗೆ 71ನೇ ನಂಬರಿನ ಟ್ರಾಮ್ ಹಿಡಿದು ಕೇಂದ್ರ ಸ್ಮಶಾನಕ್ಕೆ ಹೋಗಿ. ಚಿತ್ರದ ಕೊನೆಯ ದೃಶ್ಯ ಅಲ್ಲಿಯದು: ಮರಗಳ ನಡುವಿನ ನೇರ ದಾರಿ, ದೂರದಿಂದ ನಡೆದು ಬರುವ ನಾಯಕಿ, ಮಾತೇ ಇಲ್ಲ. ಇಯರ್‌ಫೋನ್ ಹಾಕಿಕೊಂಡು ಆ ಸಂಗೀತ ಮುಗಿಯುವವರೆಗೆ ಆ ದಾರಿ ನಡೆಯಿರಿ. ಸಾಮಾನ್ಯವಾಗಿ ಚಿತ್ರೀಕರಣದ ಜಾಗಗಳ ಮೇಲೆ ನನಗೆ ಅಷ್ಟು ಮೋಹವಿಲ್ಲ, ಇದೊಂದು ಬೇರೆ.

ಉತ್ಸವಗಳ ಪೈಕಿ ಬೆಲ್ಜಿಯಂನ ಘೆಂಟ್ ಊರಿನದನ್ನು ನೋಡಿ. ವರ್ಲ್ಡ್ ಸೌಂಡ್‌ಟ್ರ್ಯಾಕ್ ಎಂಬ ಸಿನಿಮಾ ಸಂಗೀತದ ಪ್ರಶಸ್ತಿಗಳನ್ನು 2001ರಿಂದ ಅಲ್ಲಿನ ಅಕ್ಟೋಬರ್ ಚಿತ್ರೋತ್ಸವದಲ್ಲಿ ಕೊಡುತ್ತಾರೆ, ಜೊತೆಗೆ ಕಛೇರಿಯೂ ಉಂಟು. ಪೋಲೆಂಡಿನ ಕ್ರಾಕೋವ್‌ನಲ್ಲೂ ಸಿನಿಮಾ ಸಂಗೀತಕ್ಕೇ ಮೀಸಲಾದ ಉತ್ಸವವಿದೆ.

ಇನ್ನು ನನ್ನ ಹಾಗೆ ಬರೆಯುವವರಿಗೆ, ರೆಕಾರ್ಡಿಂಗ್ ನೋಡಲು ಅನುಮತಿ ಸಿಕ್ಕಿದರೆ. ಫೋನ್ ಬಾಗಿಲಲ್ಲೇ ಇಸಿದುಕೊಳ್ಳಬಹುದು, ಪೆನ್ಸಿಲ್ ಮತ್ತು ಬಿಡಿ ಹಾಳೆ ಇಟ್ಟುಕೊಳ್ಳಿ. ಕೆಂಪು ದೀಪ ಹತ್ತಿದ ಮೇಲೆ ನೋಟ್‌ಬುಕ್ಕಿನ ಪುಟ ಮಗುಚಿದ ಸದ್ದೂ ಮೈಕಿಗೆ ಸಿಗುತ್ತದೆ. ಮೊದಲು ಕಂಟ್ರೋಲ್ ರೂಮಿನಲ್ಲಿ ಕೂತು ಕೇಳಿ, ಆಮೇಲೆ ಒಂದು ಟೇಕಿಗಾದರೂ ವಾದಕರಿರುವ ಕೋಣೆಯೊಳಗೆ ಬಿಡಿ ಎಂದು ವಿನಂತಿಸಿಕೊಳ್ಳಿ. ವಾದಕರ ಕಿವಿಯ ಹೆಡ್‌ಫೋನಿನಲ್ಲಿ ತಾಳದ ಟಕ್‌ಟಕ್ ಓಡುತ್ತಿರುತ್ತದೆ, ನಿಮಗೆ ಅದು ಕೇಳುವುದಿಲ್ಲ. ಕೈಸನ್ನೆಯೂ ಬರುವ ಮುಂಚೆ ಅಷ್ಟು ಜನರೂ ಒಟ್ಟಿಗೆ ಉಸಿರೆಳೆದುಕೊಳ್ಳುವುದು ಕಾಣುತ್ತದೆ.

ಸಂಗೀತ ನಿರ್ದೇಶಕರ ಸಂದರ್ಶನ ಹೇಗೂ ಪ್ರಚಾರದವರು ಕೊಡಿಸುತ್ತಾರೆ, ಅದರಲ್ಲಿ ಹೊಸದೇನೂ ಇರುವುದಿಲ್ಲ. ವಿರಾಮದಲ್ಲಿ ಕಾಫಿ ಸಾಲಿಗೆ ಹೋಗಿ ಟ್ರೊಂಬೋನಿನವರ ಹಿಂದೆ ನಿಂತುಬಿಡಿ. ‘ಅಷ್ಟು ಹೊತ್ತು ತಾಳ ಎಣಿಸುತ್ತ ಸುಮ್ಮನೆ ಕೂತಿರುತ್ತೀರಲ್ಲ, ಎಣಿಕೆ ತಪ್ಪಿದರೆ ಯಾರನ್ನು ನೋಡುತ್ತೀರಿ?’ ಅಂತ ಕೇಳಿ. ವಿರಾಮ ಚಿಕ್ಕದು, ಪೀಠಿಕೆ ಹಾಕುತ್ತ ಕೂರಬೇಡಿ.