ಚೇಣಿಗೆ ಕೊಡೋದಾ, ಮನೇಲೇ ಬೇಯಿಸೋದಾ: ನನ್ನ ಎಕ್ಸೆಲ್ ಲೆಕ್ಕ ಕೊನೆಗೂ ಕೈಹಿಡಿಯಿತು

ಹಸಿ ಅಡಿಕೆಯನ್ನು ಚೇಣಿಗೆ, ಅಂದರೆ ಹಸಿಯಾಗಿಯೇ ಕೊಳ್ಳುವ ಗುತ್ತಿಗೆದಾರರಿಗೆ ಕೊಡಬೇಕೋ, ಮನೆಯಲ್ಲೇ ಸುಲಿದು ಬೇಯಿಸಿ ಒಣಗಿಸಿ ರಾಶಿ ಅನ್ನುವ ಕೆಂಪಡಿಕೆ ಮಾಡಬೇಕೋ, ಮಾಡಿದ್ದನ್ನು ಕೂಡಲೇ ಮಂಡಿಗೆ ಹಾಕಬೇಕೋ ಇಟ್ಟುಕೊಳ್ಳಬೇಕೋ? ಇದಕ್ಕೆಲ್ಲ ಒಂದು ಎಕ್ಸೆಲ್ ಫೈಲು ಮಾಡುತ್ತೇನೆ ಅಂದಾಗ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಲ್ಲಿ ಯಾರೂ ನಂಬಲಿಲ್ಲ. "ಅಡಿಕೆ ಒಣಗೋದು ಅಂಗಳದಲ್ಲಿ ಮಾರಾಯ, ಕಂಪ್ಯೂಟರಲ್ಲಲ್ಲ" ಅಂದರು ಭಾವ. ಈಗ ಚೇಣಿಯವರು ತೋಟಕ್ಕೆ ಬರುವ ಮುಂಚೆ ಅದೇ ಭಾವ ನನಗೆ ಫೋನ್ ಮಾಡುತ್ತಾರೆ. ಇಂಥದ್ದನ್ನು ಮಾಡಹೊರಟ ಬೇರೆಯವರಿಗೆ ದುಡ್ಡೂ ದಿನವೂ ಉಳಿಯಲಿ ಅಂತ ಬರೆಯುತ್ತಿದ್ದೇನೆ. ಫಾರ್ಮುಲಾ ಹಾಕುವುದು ಬರುತ್ತದೆ ಅಂತಲೇ ಇಟ್ಟುಕೊಂಡಿದ್ದೇನೆ.

ಮೊದಲನೆಯದನ್ನು ಶಿವಮೊಗ್ಗದಲ್ಲಿ ಒಬ್ಬರ ಕೈಲಿ ಮಾಡಿಸಿದ್ದೆ. ಹನ್ನೆರಡು ಸಾವಿರದಷ್ಟು ಹೋಯಿತು. ನೋಡಲು ಚೆಂದ, ಬಟನ್ ಒತ್ತಿದರೆ ಮ್ಯಾಕ್ರೋ ಓಡಿ ಬಣ್ಣದ ಗ್ರಾಫ್ ಬರುತ್ತಿತ್ತು. ಆದರೆ ಚೇಣಿಯವರ ಜೊತೆ ಮಾತಾಡುವುದು ಅಂಗಳದಲ್ಲಿ ನಿಂತು, ಕೈಯಲ್ಲಿರುವುದು ಮೊಬೈಲು. ಮೊಬೈಲಿನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುವುದೇ ಇಲ್ಲ. ಆ ಫೈಲನ್ನು ಪೂರ್ತಿ ಬಿಟ್ಟು, ಬರೀ ಫಾರ್ಮುಲಾದಲ್ಲಿ ಮತ್ತೆ ಶುರು ಮಾಡಿದೆ. ನಮ್ಮವರ ಕಂಪ್ಯೂಟರುಗಳಲ್ಲಿ 2016ರ ಎಕ್ಸೆಲ್ ಇರುವುದೇ ಹೆಚ್ಚು, ಅದರಲ್ಲಿ ಪಟ್ಟಿಯಿಂದ ಬೇಕಾದ ಅಂಕಿ ಹುಡುಕಿಕೊಡುವ ಎಕ್ಸ್‌ಲುಕಪ್ ಇಲ್ಲ. ಹಾಗಾಗಿ ಎಲ್ಲ ಕಡೆ ಅದೇ ಕೆಲಸಕ್ಕೆ ಇಂಡೆಕ್ಸ್-ಮ್ಯಾಚ್.

ದರದ ಅಂಕಿಗಳು ಹೆಚ್ಚು ಸತಾಯಿಸಿದವು. ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ಕೃಷಿ ಮಾರಾಟ ವಾಹಿನಿಯಿಂದ ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ಅಡಿಕೆ ಬಗೆಗಳ ದರಗಳನ್ನು ತಂದು ಅಂಟಿಸುತ್ತಿದ್ದೆ. ಜೂನ್ 5ರ ದರ ಮೇ 6ರಲ್ಲಿ ಹೋಗಿ ಕೂತಿತ್ತು. ಕಂಪ್ಯೂಟರಿನ ದಿನಾಂಕ ಅಮೆರಿಕದ ಕ್ರಮದಲ್ಲಿದ್ದರೆ 12ರವರೆಗಿನ ತಾರೀಖುಗಳು ತಿಂಗಳಿನೊಡನೆ ಅದಲುಬದಲಾಗುತ್ತವೆ, 13ರಿಂದ ಮುಂದಿನವು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತವೆ. ಎಕ್ಸೆಲ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕಾಲಂ ಅಗಲ ಮಾಡಿ ನೋಡಿ: ಎಡಕ್ಕೆ ಅಂಟಿಕೊಂಡದ್ದು ಅಕ್ಷರ, ಬಲಕ್ಕೆ ಸರಿದದ್ದು ದಿನಾಂಕ. ಇನ್ನೊಂದು ತೊಡಕು ನುಡಿ ಫಾಂಟಿನದು. ಹಳೇ ಫೈಲಿನಲ್ಲಿ ನುಡಿಯಲ್ಲಿ ಹೊಡೆದ 'ರಾಶಿ'ಯೂ ಯೂನಿಕೋಡಿನ 'ರಾಶಿ'ಯೂ ಕಣ್ಣಿಗೆ ಒಂದೇ, ಮ್ಯಾಚ್ ಫಾರ್ಮುಲಾಗೆ ಬೇರೆ ಬೇರೆ. ಈಗ ಅಡಿಕೆಯ ಹೆಸರು ಯಾರೂ ಟೈಪ್ ಮಾಡುವ ಹಾಗಿಲ್ಲ, ಡೇಟಾ ವ್ಯಾಲಿಡೇಶನ್ ಪಟ್ಟಿಯಿಂದಲೇ ಆರಿಸಬೇಕು.

ನಡುವೆ ಒಂದು ಪ್ರಯೋಗವೂ ಆಯಿತು. ಮುಂದಿನ ದರ ಯಾರಿಗೂ ಗೊತ್ತಿಲ್ಲವಲ್ಲ, ಮನಬಂದ ಅಂಕಿ ಕೊಡುವ ರ‍್ಯಾಂಡ್ ಹಾಕಿ ಸಾವಿರ ಸಲ ದರ ಉರುಳಿಸಿ ಸರಾಸರಿ ತೆಗೆದೆ. ಯಾವ ಸೆಲ್ ತಿದ್ದಿದರೂ ಲೆಕ್ಕ ಹೊಸದಾಗಿ ಆಗಿ, ಭಾವನ ಎದುರೇ ಉತ್ತರ ಬದಲಾಯಿತು. ಅಷ್ಟು ಸಾಕಾಯಿತು, ಅವರು ಎದ್ದು ಹೋದರು. ಅದನ್ನು ಕಿತ್ತು ಕೆಟ್ಟ ದರ, ನಡು ದರ, ಒಳ್ಳೆ ದರ ಅಂತ ಮೂರೇ ಸಾಲು ಇಟ್ಟೆ.

ಫೈಲು ಹಿಡಿತಕ್ಕೆ ಬಂದದ್ದು ಉತ್ತರದ ರೂಪ ಬದಲಿಸಿದ ಮೇಲೆ. ಮೊದಲು 'ಚೇಣಿಗೆ ಕೊಡಿ' ಅಂತ ಹಸಿರು ಬಣ್ಣದಲ್ಲಿ ಬರುತ್ತಿತ್ತು. ಯಾರು ಕೇಳುತ್ತಾರೆ! ಈಗ ಅಲ್ಲಿ ಕೆಜಿ ಬರುತ್ತದೆ. ಒಂದು ವರ್ಷದ ಲೆಕ್ಕ ನೆನಪಿನಿಂದ ಹೇಳುತ್ತೇನೆ: ರಾಶಿಗೆ ಮಂಡಿ ಖರ್ಚು ಕಳೆದು ಕ್ವಿಂಟಲಿಗೆ 48,000, ಅಂದರೆ ಕೆಜಿಗೆ 480. ಸುಲಿತ, ಸೌದೆ, ಒಣಗಿಸುವುದು, ಆಯುವುದು ಸೇರಿ ಒಂದು ಕ್ವಿಂಟಲ್ ಹಸಿಗೆ 950ರ ಆಸುಪಾಸು. ಚೇಣಿಯವರು ಕ್ವಿಂಟಲ್ ಹಸಿಗೆ ಹೇಳಿದ್ದು 5,200. ಎರಡನ್ನೂ ಕೂಡಿಸಿ 480ರಿಂದ ಭಾಗಿಸಿದರೆ 12.8. ಕ್ವಿಂಟಲ್ ಹಸಿಗೆ 12.8 ಕೆಜಿಗಿಂತ ಹೆಚ್ಚು ಒಣ ಅಡಿಕೆ ಬೀಳುವ ತೋಟವಾದರೆ ಮನೆಯಲ್ಲೇ ಮಾಡಬಹುದು, ಕಮ್ಮಿಯಾದರೆ ಚೇಣಿಯೇ ಮೇಲು. ತಮ್ಮ ತೋಟದ ಅಡಿಕೆ ಎಷ್ಟು ಬೀಳುತ್ತದೆ ಅನ್ನುವುದು ಬೆಳೆಗಾರರಿಗೆ ಅಂದಾಜಿರುತ್ತದೆ. ಹಾಗಾಗಿ ತೀರ್ಮಾನ ಅವರದೇ ಆಯಿತು, ನಂಬಿಕೆಯೂ ಬಂತು.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬಿತ್ತು. ಅರ್ಧ ಕೆಜಿ ಬೀಳುವಿಕೆಯ ವ್ಯತ್ಯಾಸ ಅಂದರೆ 240 ರೂಪಾಯಿ. ಮಂಡಿಯಲ್ಲಿ ಕ್ವಿಂಟಲಿಗೆ ಹೆಚ್ಚುಕಮ್ಮಿ 1,850 ಏರಿಳಿದರೆ ಆಗುವ ವ್ಯತ್ಯಾಸವೂ ಅಷ್ಟೇ. ದಿನಾ ಬೆಳಗ್ಗೆ ದರ ನೋಡುವ ನಾವು ಬೀಳುವಿಕೆಯನ್ನು ತೂಗಿ ನೋಡುವುದೇ ಇಲ್ಲ. ಪ್ರತಿ ಕೊಯ್ಲಿನಲ್ಲೂ ಒಂದು ಕ್ವಿಂಟಲ್ ಹಸಿ ಬೇರೆ ತೆಗೆದು, ಚೀಟಿ ಕಟ್ಟಿ, ಒಣಗಿ ಆಯುವ ತನಕ ಬೇರೆಯಾಗಿಯೇ ಇಟ್ಟು ತೂಗಿ. ಎಳೆಯದು ಹೆಚ್ಚು ಬಂದ ಕೊಯ್ಲಿನಲ್ಲಿ ಸರಾಗವಾಗಿ ಒಂದು ಕೆಜಿ ಕಮ್ಮಿ ಬೀಳುತ್ತದೆ. ಕೊಯ್ಲಿಗೂ ಮುಂಚೆ, ಮರದಲ್ಲಿನ ಕೊನೆ (ಅಡಿಕೆ ಗೊನೆ) ನೋಡಿಯೇ ಇದನ್ನು ಅಂದಾಜು ಮಾಡುವ ಒಂದು ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ. ವರ್ಷಗಟ್ಟಲೆ ತೂಗಿ ಮಾಡಿದ್ದು, ಚೇಣಿಯವರಿಗೂ ಅದರ ಬೆಲೆ ಗೊತ್ತು.

ಇಟ್ಟುಕೊಳ್ಳುವ ಲೆಕ್ಕ ಸುಲಭ. 48,000ಕ್ಕೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಹಿಡಿದರೆ ತಿಂಗಳಿಗೆ 480. ನಾಲ್ಕು ತಿಂಗಳ ಬಡ್ಡಿ, ನೂರಕ್ಕೆ ಒಂದು ಕೆಜಿ ತೂಕ ಇಳಿದದ್ದು ಸೇರಿದರೆ 50,400 ದಾಟಬೇಕು, ಇಲ್ಲದಿದ್ದರೆ ಇಟ್ಟದ್ದು ನಷ್ಟ. 2014ರಲ್ಲಿ ದರ ಗಗನಕ್ಕೇರಿದ್ದನ್ನು ಕಂಡವರು ಇದನ್ನು ಒಪ್ಪಲು ಇಷ್ಟಪಡುವುದಿಲ್ಲ. ಆಮೇಲೆ ದರ ಇಳಿದದ್ದೂ ಅದೇ ಹಾಳೆಯಲ್ಲಿದೆ, ತೋರಿಸುತ್ತೇನೆ.

ಇನ್ನು ದಾಖಲೆ. ನನ್ನ ಫೈಲು ಬೇರೆಯವರ ಫೈಲಿಗಿಂತ ಮೇಲು ಅಂತ ಧೈರ್ಯವಾಗಿ ಹೇಳುವುದು ಇದರಿಂದಲೇ. 'ಆಧಾರ' ಅನ್ನುವ ಹಾಳೆಯಲ್ಲಿ ಪ್ರತಿ ಅಂಕಿಗೂ ಒಂದು ಸಾಲು: ಎಷ್ಟು, ಯಾವ ಅಳತೆ, ಯಾರು ಹೇಳಿದ್ದು, ಯಾವತ್ತು, ಮತ್ತೆ ಯಾವಾಗ ಕೇಳಬೇಕು. 'ಸುಲಿತ: ಕೊಯ್ಲಿಗೆ ಮುಂಚೆ ಯಂತ್ರದವರನ್ನು ಕೇಳಿ' ಅಂತ ಬರೆದಿರುತ್ತೇನೆ. ಕೇಳುವ ದಿನ ದಾಟಿದರೆ ಸಾಲು ಕೆಂಪಾಗುತ್ತದೆ. ಅಳತೆಯ ಕಾಲಂ ಬಿಡಲೇಬೇಡಿ. ಒಬ್ಬರು ಸುಲಿತವನ್ನು ಡಬ್ಬದಲ್ಲಿ ಹೇಳುತ್ತಾರೆ, ಇನ್ನೊಬ್ಬರು ಕೆಜಿಯಲ್ಲಿ, ಚೀಲದ ತೂಕವಂತೂ ಮನೆಮನೆಗೆ ಬೇರೆ. ತುಂಬುವ ಸೆಲ್ಲಿಗೆ ಹಳದಿ, ಉಳಿದದ್ದಕ್ಕೆ ಬೀಗ. ಬೀಗಕ್ಕೆ ಪಾಸ್‌ವರ್ಡ್ ಹಾಕುವುದಿಲ್ಲ. ಒಳಗೆ ಏನಿದೆ ಅಂತ ನೋಡಬೇಕೆನ್ನುವವರು ತೆಗೆದು ನೋಡಲಿ. ಅತ್ತಿಗೆ ಹಾಗೇ ತೆಗೆದು ನೋಡಿ, ಸೌದೆ ತೋಟದ್ದೇ ಆದರೆ ದುಡ್ಡು ಯಾಕೆ ಹಿಡಿದಿದ್ದೀರಿ ಅಂತ ಕೇಳಿದರು. ಈಗ ಸ್ವಂತ ಸೌದೆಗೆ ಬೇರೆ ಸಾಲಿದೆ.

ತೋಟವೊಂದಕ್ಕೆ ಹೊಂದಿಸಿಕೊಡಲು 1,500 ತೆಗೆದುಕೊಳ್ಳುತ್ತೇನೆ, ನೆಂಟರಿಗೆ ಇಲ್ಲ. ಹಾಕಿದ ಹನ್ನೆರಡು ಸಾವಿರ ಯಾವತ್ತೋ ವಾಪಸಾಯಿತು.

ಈ ಸಲ ಎಲೆಚುಕ್ಕಿ ರೋಗ ಬಿದ್ದ ತೋಟಕ್ಕೆ ಬೇರೆ ಸಾಲು ತೆರೆದಿದ್ದೇನೆ. ಅಂಥ ಮರದ ಅಡಿಕೆ ಎಷ್ಟು ಬೀಳುತ್ತದೆ ಅನ್ನುವುದಕ್ಕೆ ನನ್ನಲ್ಲಿರುವ ತೂಕಗಳು ಸಾಲವು. ನಿಮ್ಮ ತೋಟದಲ್ಲಿ ಒಂದು ಕ್ವಿಂಟಲ್ ಬೇರೆ ಇಟ್ಟು ತೂಗಿದ್ದರೆ ಕೊಯ್ಲಿನ ತಾರೀಖಿನ ಜೊತೆ ಕಳಿಸಿ, ನನ್ನ ಹಾಳೆಯನ್ನು ನಿಮಗೆ ಕೊಡುತ್ತೇನೆ.