ಕೆಮ್ಮಿದರೆ ಮೂತ್ರ ಸೋರುತ್ತದೆಯೇ? ಆಪರೇಷನ್ ಆರಿಸುವುದು ಹೀಗೆ

ಕೆಮ್ಮಿದಾಗ, ಸೀನಿದಾಗ, ನೀರಿನ ಕೊಡ ಎತ್ತಿದಾಗ ಒಂದೆರಡು ಹನಿ ಸೋರಿಬಿಡುತ್ತದೆ. ಅಕ್ಕತಂಗಿಯರಿಗೂ ಹೇಳದೆ ಸುಮ್ನೆ ಪ್ಯಾಡ್ ಇಟ್ಟುಕೊಂಡು ಓಡಾಡುವ ಹೆಂಗಸರು ಎಷ್ಟೋ ಜನ. ಇದಕ್ಕೆ ಚಿಕಿತ್ಸೆ ಇದೆ.

ಮೊದಲು ಸೋರಿಕೆ ಯಾವ ಬಗೆಯದು ನೋಡಿ. ಅವಸರವಾಗಿ ಬಾತ್‌ರೂಮ್ ತಲುಪುವಷ್ಟರಲ್ಲೇ ಆಗಿಹೋದರೆ ಅದು ಬೇರೆ ತೊಂದರೆ. ಮುಂದೆ ಹೇಳುವ ಆಪರೇಷನ್‌ಗಳು ಅದಕ್ಕಲ್ಲ. ಮೂರು ದಿನ ಯಾವಾಗ, ಏನು ಮಾಡುವಾಗ ಸೋರಿತು ಎಂದು ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಆಮೇಲೆ ಕೀಗಲ್ ವ್ಯಾಯಾಮ. ಹೂಸು ತಡೆಯುವಾಗ ಬಿಗಿಯಾಗುತ್ತದಲ್ಲ, ಆ ಸ್ನಾಯುವನ್ನೇ ಬಿಗಿಹಿಡಿದು ಬಿಡಬೇಕು. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಎರಡೇ ವಾರಕ್ಕೆ ಕೈಬಿಟ್ಟರೆ ಲೆಕ್ಕಕ್ಕಿಲ್ಲ.

ಅಷ್ಟಾದರೂ ನಿಲ್ಲದಿದ್ದರೆ ಆಪರೇಷನ್ ಮಾತು. ಹೆಚ್ಚು ಹೆಸರು ಮಾಡಿದ್ದು ಟಿವಿಟಿ ಎಂಬ ಆಪರೇಷನ್. ಸ್ವೀಡನ್ನಿನ ಡಾಕ್ಟರ್ ಉಲ್ಫ್ ಉಲ್ಮ್‌ಸ್ಟೆನ್ 1990ರ ದಶಕದಲ್ಲಿ ರೂಪಿಸಿದ್ದು. ಪ್ಲಾಸ್ಟಿಕ್ ಜಾಲರಿಯ ಸಣ್ಣ ಪಟ್ಟಿಯನ್ನು ಮೂತ್ರನಾಳದ ಕೆಳಗೆ ಜೋಕಾಲಿಯಂತೆ ಕೂರಿಸಿ, ಎರಡು ತುದಿಗಳನ್ನು ಕಿಬ್ಬೊಟ್ಟೆಯ ಕಡೆ ತರುತ್ತಾರೆ. ಸೂಜಿ ಮೂತ್ರಕೋಶದ ಪಕ್ಕದಲ್ಲೇ ಹಾಯುವುದರಿಂದ ತೂತಾಗುವ ಭಯ ಇದೆ. ಹಾಗಾಗಿ ಆಗಲೇ ಕ್ಯಾಮೆರಾ ಹಾಕಿ ನೋಡುತ್ತಾರೆ. ಟಿಒಟಿ ಎಂಬ ಇನ್ನೊಂದು ಬಗೆಯಲ್ಲಿ ಅದೇ ಪಟ್ಟಿ ತೊಡೆಸಂದಿನ ಕಡೆ ಹೋಗುತ್ತದೆ. ಮೂತ್ರಕೋಶಕ್ಕೆ ಅಪಾಯ ಕಡಿಮೆ, ತೊಡೆಸಂದು ನೋವು ಜಾಸ್ತಿ. ಒಂದೆರಡು ವರ್ಷದ ಮಟ್ಟಿಗೆ ಸೋರಿಕೆ ನಿಲ್ಲಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜಾಲರಿ ಮೈಯೊಳಗೆ ಬೆಸೆದುಕೊಳ್ಳುತ್ತದೆ. ತೊಂದರೆಯಾದರೆ ಪೂರ್ತಿ ತೆಗೆಯುವುದು ಕಷ್ಟ. ನೋವಿನಿಂದ ನರಳಿದ ಹೆಂಗಸರ ದೂರುಗಳ ಮೇಲೆ ಇಂಗ್ಲೆಂಡಿನಲ್ಲಿ 2018ರಲ್ಲಿ ಇದರ ಬಳಕೆಯನ್ನು ತಡೆಹಿಡಿದರು. ಬಹಳ ಜನಕ್ಕೆ ಗುಣವಾಗಿದೆ, ನಿಜ. ಆದರೂ "ಎಷ್ಟು ಜನಕ್ಕೆ ಹಾಕಿದ್ದೀರಿ, ತೆಗೆಯಬೇಕಾಗಿ ಬಂದರೆ ಯಾರು ತೆಗೆಯುತ್ತಾರೆ?" ಎಂದು ಕೇಳಲು ಸಂಕೋಚ ಬೇಡ.

ಜಾಲರಿ ಬೇಡವೆಂದರೆ? ಮೂತ್ರನಾಳದ ಗೋಡೆಗೆ ಜೆಲ್ ಇಂಜೆಕ್ಷನ್ ಕೊಡುತ್ತಾರೆ. ಕೊಯ್ತವಿಲ್ಲ, ಅದೇ ದಿನ ಮನೆಗೆ. ಆದರೆ ಗುಣ ಕಡಿಮೆ, ಮತ್ತೆ ಹಾಕಿಸಬೇಕಾಗಬಹುದು. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಮೂತ್ರಕೋಶದ ಕುತ್ತಿಗೆಯನ್ನು ಹೊಲಿಗೆ ಹಾಕಿ ಮೇಲೆತ್ತುವ ಬರ್ಚ್ ವಿಧಾನವೂ ಇದೆ. ನಿಮ್ಮದೇ ಮೈಯಿಂದ ತೆಗೆದ ಪಟ್ಟಿ ಹಾಕಿಸಬಹುದು, ಕೊಯ್ತ ಮಾತ್ರ ದೊಡ್ಡದು.

ಇನ್ನೂ ಮಗು ಬೇಕು ಅನ್ನುವವರು ಅದನ್ನು ಮೊದಲೇ ಹೇಳಿ. ಸಾಮಾನ್ಯವಾಗಿ ಹೆರಿಗೆಗಳೆಲ್ಲ ಮುಗಿಯಲಿ ಎನ್ನುತ್ತಾರೆ. ಆಪರೇಷನ್ ಆದ ಮೇಲೆ ಮೂತ್ರ ಸಲೀಸಾಗಿ ಹೋಗುತ್ತಿದೆಯೇ ನೋಡಿಯೇ ಮನೆಗೆ ಕಳಿಸುವುದು. ಕಟ್ಟಿಕೊಂಡರೆ ಕೆಲವು ದಿನ ಟ್ಯೂಬ್ ಬೇಕಾಗಬಹುದು. ಕೊಡ ಎತ್ತುವುದು ಕೆಲವು ವಾರ ಬೇರೆಯವರ ಪಾಲಿಗಿರಲಿ.