ಅಡಿಕೆ ಮಂಡಿಯ ಲೆಕ್ಕದ ಪರದೆಯಲ್ಲಿ ರಿಯಾಕ್ಟ್ ಇವೆಂಟ್‌ಗಳು: ನನ್ನ ಅನುಭವ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಲೆಕ್ಕದ ತಂತ್ರಾಂಶದಲ್ಲಿ, ಕನ್ನಡ ಟೈಪ್ ಮಾಡುವ ಪರದೆಯಿಂದ ರಿಯಾಕ್ಟ್‌ನ (ವೆಬ್ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಇವೆಂಟ್ ಪ್ರಾಪ್‌ಗಳನ್ನು, ಅಂದರೆ ಕೀಲಿ ಒತ್ತುವಂಥ ಘಟನೆಗಳಿಗೆ ಉತ್ತರಿಸುವ ಜೋಡಣೆಗಳನ್ನು, ಪೂರ್ತಿಯಾಗಿ ತೆಗೆದುಹಾಕಿ, ಬ್ರೌಸರಿನ ಇವೆಂಟ್‌ಗಳನ್ನೇ ನೇರವಾಗಿ ಹಿಡಿಯುವಂತೆ ಮಾಡಿದ್ದೇನೆ. ಇದು ಮುಂದೆ ನಿಭಾಯಿಸಲಾಗದ ಕೋಡ್ ಆಗುತ್ತದೆಂದು ಬೆಂಗಳೂರಿನ ಗೆಳೆಯರು ಎಚ್ಚರಿಸಿದ್ದರು. ಕಳೆದ ಕೊಯ್ಲಿನ ಹಂಗಾಮನ್ನು ಅದೇ ಕೋಡ್ ಒಂದು ದೂರೂ ಇಲ್ಲದೆ ದಾಟಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗುಮಾಸ್ತರು ಫೋನೆಟಿಕ್ ವಿಧಾನದಲ್ಲಿ ‘ಗೊರಬಲು’ (ಅಡಿಕೆಯ ಅಗ್ಗದ ದರ್ಜೆ) ಎಂದು ಬರೆಯುವಾಗ, ತೋರಿಸಿದ ಪದವನ್ನು ಒಪ್ಪಿಕೊಳ್ಳಲು ಎಂಟರ್ ಒತ್ತುತ್ತಾರೆ. ಕೀಲಿ ಒತ್ತಿದಾಗ ಓಡುವ ಕೀಡೌನ್ ಹ್ಯಾಂಡ್ಲರ್ ಅದನ್ನೇ ಸಾಲು ಮುಗಿದ ಸೂಚನೆಯೆಂದು ತೆಗೆದುಕೊಂಡು, ಅರ್ಧ ಪದವನ್ನು ಉಳಿಸಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಅರ್ಧ ಹೆಸರಿಗೆ ಧಾರಣೆ ಹೊಂದದ ಕಾರಣ ಮೇಲಿನ ಸಾಲಿನ ಧಾರಣೆಯೇ ಉಳಿಯುತ್ತಿತ್ತು. ಮೇಲಿನ ಸಾಲು ದುಬಾರಿ ದರ್ಜೆಯಾದ ಸರಕು ಆಗಿದ್ದರೆ ಏನಾಗುತ್ತದೆಂದು ಅಡಿಕೆ ಬಲ್ಲವರಿಗೆ ಹೇಳಬೇಕಿಲ್ಲ. ಒಂದು ಲಾಟಿನಲ್ಲಿ ಎರಡು ಲಕ್ಷ ರೂಪಾಯಿಯ ಆಸುಪಾಸಿನ ವ್ಯತ್ಯಾಸ ಬಂದು, ಪುಣ್ಯಕ್ಕೆ ಚೆಕ್ ಬರೆಯುವ ಮೊದಲೇ ಸಿಕ್ಕಿತು. ಆದರೆ ನನಗೆ ಬರಬೇಕಿದ್ದ ಕೊನೆಯ ಕಂತು, ಸುಮಾರು 40 ಸಾವಿರ, ಅಲ್ಲಿಗೇ ನಿಂತಿತು.

ದೋಷದ ಬೇರು ರಿಯಾಕ್ಟ್‌ನ ಇವೆಂಟ್ ಇಂಟರ್‌ಫೇಸ್‌ನ ವಿನ್ಯಾಸದಲ್ಲೇ ಇದೆ. ಎಚ್‌ಟಿಎಂಎಲ್‌ನ ಚೇಂಜ್ ಇವೆಂಟ್ ಪಠ್ಯದ ಕ್ಷೇತ್ರವನ್ನು ಬಿಟ್ಟಾಗ ಬರುತ್ತದೆ. ರಿಯಾಕ್ಟ್‌ನ ಆನ್‌ಚೇಂಜ್ ಮಾತ್ರ ಇನ್‌ಪುಟ್ ಇವೆಂಟಿನಂತೆ ಪ್ರತಿ ಅಕ್ಷರಕ್ಕೂ, ಪದ ಇನ್ನೂ ಕಟ್ಟುತ್ತಿರುವಾಗಲೂ ಬರುತ್ತದೆ. ಆ ನಡುವೆ ಸ್ಟೇಟ್‌ನಿಂದ (ರಿಯಾಕ್ಟ್ ನೆನಪಿಟ್ಟುಕೊಳ್ಳುವ ಮಾಹಿತಿ) ಶುದ್ಧಗೊಳಿಸಿದ ಪಠ್ಯವನ್ನು ವಾಪಸು ಬರೆದರೆ ಕಟ್ಟುತ್ತಿರುವ ಪದವೇ ಒಡೆದುಹೋಗುತ್ತದೆ. ರಿಯಾಕ್ಟ್ ಸುತ್ತಿಕೊಡುವ ಸಿಂಥೆಟಿಕ್ ಕೀಬೋರ್ಡ್ ಇವೆಂಟಿನಲ್ಲಿ, ಪದ ಇನ್ನೂ ಕಟ್ಟುತ್ತಿದೆಯೆಂದು ಹೇಳುವ ‘ಈಸ್‌ಕಂಪೋಸಿಂಗ್’ ಗುರುತು ಸಿಗುವುದಿಲ್ಲ, ಬ್ರೌಸರಿನ ಮೂಲ ಇವೆಂಟಾದ ನೇಟಿವ್‌ಇವೆಂಟ್‌ಗೆ ಹೋಗಿ ತರಬೇಕು. ತಂದರೂ ಸಫಾರಿಯಲ್ಲಿ ಪದ ಕಟ್ಟಿ ಮುಗಿದ ಸೂಚನೆಯಾದ ಕಂಪೋಸಿಷನ್‌ಎಂಡ್ ಮೊದಲು ಬಂದು, ಎಂಟರ್‌ನ ಕೀಡೌನ್ ನಂತರ ಬರುವುದರಿಂದ ಆ ಗುರುತು ಸುಳ್ಳಾಗಿರುತ್ತದೆ. ಡಿಬೌನ್ಸ್ (ಕೈ ನಿಂತ ಮೇಲೆ ಸ್ವಲ್ಪ ತಡೆದು ಓಡಿಸುವುದು) ಹಾಕಿ ನೋಡಿದೆ. ವೇಗವಾಗಿ ಬರೆಯುವ ಗುಮಾಸ್ತರಿಗೆ ಪರದೆ ಹಿಂದೆ ಬಿತ್ತು. ಐದಾರು ಸಾವಿರ ಕೊಟ್ಟು ತಂದ ಪ್ಲಗಿನ್ ಚೀನೀ, ಜಪಾನಿ ಟೈಪಿಂಗಿಗೆ ಚೆನ್ನಾಗಿತ್ತು, ನಮ್ಮ ಒತ್ತಕ್ಷರಗಳಿಗೆ ಆಗಲಿಲ್ಲ.

ಕೊನೆಗೆ ಇನ್‌ಪುಟ್‌ಗಳನ್ನು ಅನ್‌ಕಂಟ್ರೋಲ್ಡ್ ಮಾಡಿದೆ, ಅಂದರೆ ಪಠ್ಯವನ್ನು ಸ್ಟೇಟ್ ಅಲ್ಲ, ಬ್ರೌಸರೇ ಇಟ್ಟುಕೊಳ್ಳುತ್ತದೆ. ಇಡೀ ಕೋಷ್ಟಕವನ್ನು ನೇರವಾಗಿ ಹಿಡಿಯಲು ರೆಫ್ ಕೊಟ್ಟು, ಪರದೆ ಮೂಡಿದ ಮೇಲೆ ಓಡುವ ಯೂಸ್‌ಎಫೆಕ್ಟ್ ಒಳಗೆ, ಇವೆಂಟ್ ಕ್ಷೇತ್ರವನ್ನು ಮುಟ್ಟುವ ಮೊದಲಿನ ಕ್ಯಾಪ್ಚರ್ ಹಂತದಲ್ಲೇ ನೇಟಿವ್ ಲಿಸನರ್‌ಗಳನ್ನು (ಇವೆಂಟ್‌ಗೆ ಕಾಯುವ ಕೋಡ್) ಕೂರಿಸಿದೆ. ಈಸ್‌ಕಂಪೋಸಿಂಗ್ ನಿಜವಾಗಿದ್ದರೆ ಅಥವಾ ಕೀಲಿಯ ಸಂಖ್ಯೆಯಾದ ಕೀಕೋಡ್ 229 (ಟೈಪಿಂಗ್ ಉಪಕರಣವೇ ಕೀಲಿಯನ್ನು ನಿಭಾಯಿಸುತ್ತಿದೆ ಎಂಬ ಗುರುತು) ಆಗಿದ್ದರೆ ಎಂಟರ್ ಅನ್ನು ಮುಟ್ಟುವುದಿಲ್ಲ. ಎರಡನ್ನೂ ನೋಡಬೇಕು, ಸಫಾರಿಯನ್ನು ಹಿಡಿಯುವುದು ಎರಡನೆಯದೇ. ಸಾಲು ಮುಗಿದಾಗ ಮಾತ್ರ ಸ್ಟೇಟ್‌ಗೆ ಬರೆಯುತ್ತೇನೆ. ಕಂಪೋಸಿಷನ್ ಇವೆಂಟ್‌ಗಳನ್ನೇ ಕಳಿಸದೆ ನೇರವಾಗಿ ಅಕ್ಷರ ತುರುಕುವ ಹಳೆಯ ಕನ್ನಡ ಟೈಪಿಂಗ್ ಉಪಕರಣಗಳನ್ನು ಪತ್ತೆಹಚ್ಚುವ ಕ್ರಮವೊಂದಿದೆ. ನನ್ನ ಹೊಟ್ಟೆಪಾಡು ಅದರಲ್ಲಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಜೊತೆಗೇ ಇನ್ನೊಂದು ಪ್ರಯೋಗ ನಡೆಯಿತು. ತೂಕದ ಕ್ಷೇತ್ರದಲ್ಲಿ ಕರ್ಸರ್ ಇರುವಾಗ ಮೌಸ್ ಚಕ್ರ ತಿರುಗಿಸಿದರೆ 65 ಕಿಲೋ 64 ಆಗುತ್ತಿತ್ತು. ರಿಯಾಕ್ಟ್‌ನ ಆನ್‌ವೀಲ್‌ನಲ್ಲಿ, ಬ್ರೌಸರಿನ ಸಹಜ ಕ್ರಿಯೆಯನ್ನು ತಡೆಯುವ ಪ್ರಿವೆಂಟ್‌ಡೀಫಾಲ್ಟ್ ಹಾಕಿದರೆ ಕೆಲಸ ಮಾಡುವುದಿಲ್ಲ, ಏಕೆಂದರೆ ರಿಯಾಕ್ಟ್ 17ರಿಂದ ವೀಲ್ ಮತ್ತು ಟಚ್ ಲಿಸನರ್‌ಗಳು ರಿಯಾಕ್ಟ್ ಕೂತಿರುವ ಮೂಲ ಕಂಟೇನರಿನಲ್ಲಿ ಪ್ಯಾಸಿವ್ ಆಗಿ, ಅಂದರೆ ತಡೆಯುವ ಹಕ್ಕಿಲ್ಲದೆ, ಕೂರುತ್ತವೆ. ಅದನ್ನೂ ಪ್ಯಾಸಿವ್ ಅಲ್ಲದ ನೇಟಿವ್ ಲಿಸನರ್‌ನಿಂದಲೇ ತಡೆದೆ. 2020ರಲ್ಲಿ ಬಂದ ಅದೇ 17ನೇ ಆವೃತ್ತಿ ಇವೆಂಟ್‌ಗಳನ್ನು ಡಾಕ್ಯುಮೆಂಟಿನಿಂದ ಮೂಲ ಕಂಟೇನರಿಗೆ ಇಳಿಸಿದ್ದರಿಂದ, ಡಾಕ್ಯುಮೆಂಟಿಗೆ (ಇಡೀ ಪುಟಕ್ಕೆ) ಕಿವಿಗೊಟ್ಟಿದ್ದ ತೂಕದ ಯಂತ್ರದ ಸ್ಕ್ರಿಪ್ಟ್ ನಮ್ಮ ಇವೆಂಟ್‌ಗಳೊಂದಿಗೆ ಸಿಕ್ಕಿಕೊಳ್ಳುತ್ತಿದ್ದ ತಂಟೆ ಮಾತ್ರ ಖರ್ಚಿಲ್ಲದೆ ತೀರಿತು.

ನಿಂತಿದ್ದ ಕಂತು ದೀಪಾವಳಿಗೆ ಮೊದಲೇ ಕೈಸೇರಿತು. ತೀರ್ಥಹಳ್ಳಿಯ ಕಡೆಯ ಖರೀದಿದಾರರೊಬ್ಬರು ಇದನ್ನೇ ಆಂಡ್ರಾಯ್ಡ್ ಫೋನಿಗೆ ಕೇಳಿದ್ದಾರೆ. ಅಲ್ಲಿ ಬಹುತೇಕ ಎಲ್ಲ ಕೀಲಿಗಳೂ 229 ಎಂದೇ ಬರುವುದರಿಂದ, ಆ ಪರೀಕ್ಷೆಯನ್ನು ಬಿಟ್ಟು, ಪಠ್ಯ ಬದಲಾಗುವ ಮುಂಚೆ ಬರುವ ಬಿಫೋರ್‌ಇನ್‌ಪುಟ್ ಇವೆಂಟಿನ ಮೇಲೆ ಕಟ್ಟುತ್ತಿದ್ದೇನೆ.